ಎಡಚಿಯ ಚಾಕು

ಕೈಗುಣ ಅನ್ನುವ ಮಾತನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ, ಆದರೆ ಅವರು ಬಲಗೈಯವರಾಗಿದ್ದರು ಅನ್ನುವುದರಲ್ಲಿ ಎಡಚಿಗೆ ಸಂಶಯವಿರಲಿಲ್ಲ. ಸಾರು ರುಚಿಯಾದರೆ ಕೈಗುಣ, ಗಾಯ ಬೇಗ ಮಾಯ್ದರೆ ಡಾಕ್ಟರ ಕೈಗುಣ, ನೆಟ್ಟ ಸಸಿ ಚಿಗುರಿದರೆ ಕೈಗುಣ. ಅವಳ ಅಪ್ಪನ ನರ್ಸರಿಯಲ್ಲಂತೂ ಈ ಮಾತು ಗೊಬ್ಬರಕ್ಕಿಂತ ಹೆಚ್ಚು ಖರ್ಚಾಗುತ್ತಿತ್ತು.

ನರ್ಸರಿ ಇದ್ದದ್ದು ದೊಡ್ಡ ರಸ್ತೆ ತಿರುಗುವ ಕಡೆ. ಮುಂದೆ ಹೂವಿನ ಕುಂಡಗಳ ಸಾಲು, ಅದರ ಹಿಂದೆ ಕೌಂಟರು, ಕೌಂಟರಿನ ಹಿಂದೆ ಹಸಿರು ಪರದೆ ಹೊದಿಸಿದ ನೆರಳಮನೆ. ನೆರಳಮನೆಯ ಬಾಗಿಲಲ್ಲೇ ಒಂದು ಅಗಲವಾದ ಮರದ ಮಣೆ, ಎತ್ತರದ ಕಾಲುಗಳ ಮೇಲೆ ಕೂರಿಸಿದ್ದು. ಮಣೆಯ ಹಿಂದೆ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಅಪ್ಪ ಕೂರುತ್ತಿದ್ದರು, ಬೇರೆ ಯಾರೂ ಅಲ್ಲ. ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವುದು ಅಲ್ಲೇ. ಗೊರಟೆಯಿಂದ ಎದ್ದ ಮಾವಿನ ಸಸಿಯ ತಲೆ ಹಾರಿಸಿ, ಕಾಂಡವನ್ನು ನಡುವೆ ಸೀಳಿ, ಒಳ್ಳೆಯ ಮರದಿಂದ ತಂದ ಕಡ್ಡಿಯ ಬುಡವನ್ನು ಎರಡೂ ಬದಿ ಕೆತ್ತಿ ಬೆಣೆ ಮಾಡಿ, ಆ ಸೀಳಿಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿದರೆ ಮುಗಿಯಿತು. ಹೇಳುವುದಕ್ಕೆ ಇಷ್ಟೇ. ಕಡ್ಡಿ ಹತ್ತಿಕೊಂಡು ಚಿಗುರಿದರೆ ಗಿಡ, ಇಲ್ಲದಿದ್ದರೆ ಹಿಂದಿನ ಗೊಬ್ಬರದ ಗುಂಡಿಗೆ. ಅಪ್ಪ ಕಟ್ಟಿದ್ದು ಗುಂಡಿಗೆ ಹೋದದ್ದು ಅಪರೂಪ. ಜನ ದೂರದಿಂದ ತಮ್ಮ ಮನೆಯ ಮರದ ಕಡ್ಡಿಯನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಕಣ್ಣೆದುರೇ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಎಡಚಿ ಈ ಅಪ್ಪನ ಹಿರಿಮಗಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಮನೆಯಲ್ಲಿ ಅದನ್ನು ಯಾರೂ ಬಳಸಿದ್ದಿಲ್ಲ. ಮೊದಲ ತುತ್ತನ್ನು ಎಡಗೈಯಲ್ಲಿ ಎತ್ತಿದ ದಿನವೇ ಈ ಹೆಸರು ಅಂಟಿತ್ತು. ಚಿಕ್ಕವಳಿದ್ದಾಗ ಅಪ್ಪ ಅವಳ ಎಡಗೈಯನ್ನು ಕಸಿ ಕಟ್ಟುವ ಪಟ್ಟಿಯಿಂದಲೇ ಕುರ್ಚಿಗೆ ಬಿಗಿದು, ಬಲಗೈಯಲ್ಲಿ ಬರೆಯುವುದನ್ನು ಕಲಿಸಿದ್ದರು. ಸಿಟ್ಟಿನಿಂದಲ್ಲ, ಮಗಳು ನಾಲ್ಕು ಜನರ ನಡುವೆ ನಗೆಪಾಟಲಾಗಬಾರದು ಅಂತ. ಪ್ರೀತಿಯಿಂದ ಕಟ್ಟಿದರೂ ಕಟ್ಟು ಕಟ್ಟೇ ತಾನೆ. ಬರೆಯುವುದು, ಉಣ್ಣುವುದು, ಗಿರಾಕಿಗೆ ಚಿಲ್ಲರೆ ಕೊಡುವುದು ಬಲಗೈಗೆ ಬಂತು. ಮಿಕ್ಕಿದ್ದು, ಅಂದರೆ ಹೆಚ್ಚುವುದು, ಹೊಲಿಯುವುದು, ಮೊಳೆ ಹೊಡೆಯುವುದು, ಸೊಳ್ಳೆ ಹೊಡೆಯುವುದು, ಎಲ್ಲ ಎಡಗೈಯಲ್ಲೇ ಉಳಿಯಿತು.

ಈಗ ಅವಳು ನಲವತ್ತು ದಾಟಿದ್ದಳು. ಮದುವೆಯಾಗಿರಲಿಲ್ಲ, ಅದರ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ. ಬೇಸರವಿದ್ದದ್ದು ಕೌಂಟರಿನ ಬಗ್ಗೆ. ವಯಸ್ಸು ಇಪ್ಪತ್ತೂ ತುಂಬದಿದ್ದಾಗ ಅವಳಿಗೂ ಒಂದು ಸಲ ಕಸಿ ಕಲಿಯುವ ಹಂಬಲ ಬಂದಿತ್ತು. ಅಪ್ಪ ತಮ್ಮದೇ ಒಂದು ಚಾಕು ಕೊಟ್ಟು, ಮಣೆಯ ಆಚೆ ಎದುರಿಗೆ ಕೂರಿಸಿಕೊಂಡು ತೋರಿಸಿಕೊಟ್ಟಿದ್ದರು. ಎದುರಿಗೆ ಕೂತಿದ್ದರಿಂದ ಅಪ್ಪನ ಬಲಗೈ ಮಾಡಿದ್ದನ್ನೆಲ್ಲ ಅವಳ ಎಡಗೈ ಕನ್ನಡಿಯಲ್ಲಿ ಕಂಡಂತೆ ಸಲೀಸಾಗಿ ಕಲಿತುಬಿಟ್ಟಿತು. ಕೈ ಚಲನೆ ನೋಡಿ ಅಪ್ಪನೂ ಏನೂ ಅನ್ನಲಿಲ್ಲ. ಅವಳು ಒಂದಿಡೀ ಪಾತಿಯ ಸಸಿಗಳಿಗೆ ಕಸಿ ಕಟ್ಟಿದಳು, ಒಂದೂ ಹತ್ತಲಿಲ್ಲ. ಒಣಗಿ ನಿಂತ ಆ ಕಡ್ಡಿಗಳ ಸಾಲಿಗೆ ತಂಗಿ 'ಎಡಚಿಯ ಸ್ಮಶಾನ' ಅಂತ ಹೆಸರಿಟ್ಟಳು. ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಅವಳೂ ನಕ್ಕಳು. ಆಮೇಲೆ ಕೌಂಟರಿಗೆ ಹೋಗಿ ಕೂತವಳು ಅಲ್ಲೇ ಉಳಿದಳು.

ಹೀಗಿರುವಾಗ ಅಪ್ಪನ ಬಲಗೈ ನಡುಗತೊಡಗಿತು. ಮೊದಮೊದಲು ಲೋಟದಲ್ಲಿ ಕಾಫಿ ತುಳುಕಿತು, ಆಮೇಲೆ ಅಂಗಿಯ ಗುಂಡಿಗೆ ಅಮ್ಮ ಬೇಕಾದಳು. ಡಾಕ್ಟರು ಇದು ಬಂದದ್ದು ಹೋಗುವುದಲ್ಲ ಅಂದರು. ಅವತ್ತು ಊಟಕ್ಕೆ ಕೂತಾಗ ಅಪ್ಪ, ಯಾವುದೋ ಹಳೆಯ ಕುಂಡ ಎತ್ತಿಡುವ ಮಾತಾಡುವವರ ಹಾಗೆ, ವಿಷಯ ತೆಗೆದರು.

"ಇನ್ನು ಮಣೆ ಅಳಿಯಂದ್ರು ನೋಡ್ಕೊಳ್ಳಲಿ."

ಅಳಿಯ ಅಂದರೆ ತಂಗಿಯ ಗಂಡ. ನರ್ಸರಿಯ ವ್ಯಾನು ಓಡಿಸುವವನು, ಒಳ್ಳೆಯವನು, ಇರುವೆಗೂ ನೋವು ಮಾಡದವನು. ಈ ಮಾತು ಕೇಳಿ ಅವನು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ.

"ಮಾವ, ನನಗೆ ಸ್ಟೀರಿಂಗ್ ಬಿಟ್ರೆ ಬೇರೇನೂ ಕೈಗೆ ಹಿಡಿಯಲ್ಲ" ಅಂದ.

"ಕಲಿತರೆ ಬರುತ್ತೆ."

"ನಾನು ಕೂರ್ತೀನಿ" ಅಂದಳು ಎಡಚಿ.

ಅಪ್ಪ ನಕ್ಕರು. "ನೀನಾ? ಸ್ಮಶಾನ ಮರ್ತು ಹೋಯ್ತಾ?"

"ಅವತ್ತು ಏನು ತಪ್ಪಾಯ್ತು ಅಂತ ಯಾರೂ ನೋಡಲೇ ಇಲ್ಲ."

"ನೋಡೋದೇನು, ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಕೈಗುಣ ಇಲ್ಲ, ಅಷ್ಟೇ. ಅದಕ್ಕೆ ಯಾಕೆ ಬೇಜಾರು ಮಾಡ್ಕೋತೀಯ ಮಗಳೇ, ಕೌಂಟರಲ್ಲಿ ನಿನ್ನಂಥೋರು ಇನ್ನೊಬ್ಬರಿಲ್ಲ."

ಬೈದಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಸಮಾಧಾನ ಹೇಳಿದ್ದು ಮೈಯೆಲ್ಲ ಉರಿಸಿತು. ಅಳಿಯನಿಗೆ ಕಲಿತರೆ ಬರುತ್ತದಂತೆ, ಅವಳಿಗೆ ಹುಟ್ಟಿನಲ್ಲೇ ಇಲ್ಲವಂತೆ! ಆ ಸ್ಟೂಲು ಒಮ್ಮೆ ಅಳಿಯನ ಪಾಲಾದರೆ ತಾನು ಸಾಯುವತನಕ ಕೌಂಟರಿನಲ್ಲೇ ಅನ್ನುವುದು ಅವಳಿಗೆ ಸ್ಪಷ್ಟವಾಗಿತ್ತು. ತಟ್ಟೆ ತೊಳೆದಿಟ್ಟು, ಹಿತ್ತಿಲ ಗೋಡೆಯ ಮರೆಗೆ ಒಂದಷ್ಟು ಸಸಿ ಸಾಗಿಸಿದಳು.

ಅಪ್ಪ ಹಿಂದೆ ಕೊಟ್ಟಿದ್ದ ಚಾಕು ಇನ್ನೂ ಅವಳ ಹತ್ತಿರವೇ ಇತ್ತು. ಅದರಲ್ಲೇ ಕಟ್ಟಿದಳು. ಒಂದೊಂದಾಗಿ ಕಡ್ಡಿಗಳು ಕಪ್ಪಗಾದವು. ಇದು ಹೊಸತೇನಲ್ಲ. ಹೊಸತು ಅಂದರೆ ಈ ಸಲ ಅವಳು ಅವನ್ನು ಗುಂಡಿಗೆ ಎಸೆಯಲಿಲ್ಲ. ನರ್ಸರಿಯಲ್ಲಿ ಸತ್ತ ಕಸಿಯನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಸತ್ತದ್ದು ಸತ್ತಿತು, ಅದರ ಮುಖ ಏನು ನೋಡುವುದು ಅನ್ನುವುದು ಅಪ್ಪನ ಪದ್ಧತಿ. ಎಡಚಿ ಪಟ್ಟಿ ಬಿಚ್ಚಿದಳು, ಬೆಣೆಯನ್ನು ಸೀಳಿನಿಂದ ಎಳೆದಳು, ಬೆಳಕಿಗೆ ಹಿಡಿದಳು. ಕೆತ್ತಿದ ಮೈ ಚಪ್ಪಟೆಯಾಗಿರಬೇಕಿತ್ತು. ಅದು ಚಮಚದ ಹಾಗೆ ನಡುವೆ ತಗ್ಗಾಗಿತ್ತು. ಇನ್ನೊಂದು ಬಿಚ್ಚಿದಳು, ಅದೂ ತಗ್ಗು. ಎಲ್ಲವೂ ತಗ್ಗು. ಕಡ್ಡಿಯ ಮೈ ಸಸಿಯ ಮೈಗೆ ತಾಗಿಯೇ ಇರಲಿಲ್ಲ. ನಡುವೆ ಗಾಳಿ ಕೂತಿತ್ತು.

ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುವಾಗಲೂ ಅವಳ ತಲೆಯಲ್ಲಿ ಇದೇ ಗುಂಗು. ಸಿಪ್ಪೆ ಕಾಗದದಷ್ಟು ತೆಳ್ಳಗೆ, ನೇರವಾಗಿ ಇಳಿಯುತ್ತಿತ್ತು. ಅವಳು ಕೈ ನಿಲ್ಲಿಸಿದಳು. ಇದೇ ಎಡಗೈ, ಇದೇ ಎಳೆತ, ಇಲ್ಲಿ ಯಾಕೆ ತಗ್ಗು ಬೀಳುವುದಿಲ್ಲ? ಎದ್ದು ಹೋಗಿ ಕಸಿ ಚಾಕು ತಂದಳು. ಅಡುಗೆ ಚಾಕುವನ್ನೂ ಅದನ್ನೂ ಅಕ್ಕಪಕ್ಕ ಹಿಡಿದು ಅಲಗನ್ನು ಕಣ್ಣಿನ ನೇರಕ್ಕೆ ತಂದಳು. ಅಡುಗೆ ಚಾಕು ಎರಡೂ ಮಗ್ಗುಲಿಗೆ ಸಮನಾಗಿ ಇಳಿದಿತ್ತು. ಕಸಿ ಚಾಕುವಿಗೆ ಒಂದೇ ಮಗ್ಗುಲು ಇಳಿಜಾರು, ಇನ್ನೊಂದು ಮಗ್ಗುಲು ಹಲಗೆಯಂತೆ ಚಪ್ಪಟೆ. ಬಲಗೈಯಲ್ಲಿ ಹಿಡಿದರೆ ಚಪ್ಪಟೆ ಮಗ್ಗುಲು ಕಡ್ಡಿಗೆ ಒರಗಿಕೊಂಡು ನೇರ ಹೋಗುತ್ತದೆ. ಎಡಗೈಯಲ್ಲಿ ಹಿಡಿದರೆ ಇಳಿಜಾರು ಕಡ್ಡಿಗೆ ಒರಗುತ್ತದೆ. ಅಲಗು ಒಳಗೆ ನುಗ್ಗಿ, ಮತ್ತೆ ಎದ್ದು, ಚಮಚ ಕೆತ್ತುತ್ತದೆ.

"ಅಮ್ಮಾ!" ಅಂತ ಕೂಗಿದಳು. ಅಮ್ಮ ಗಾಬರಿಯಾಗಿ ಓಡಿಬಂದಳು, ಬೆರಳು ಕೊಯ್ದುಕೊಂಡಳೇನೋ ಅಂತ.

"ಚಾಕು ಬಲಗೈದು ಅಮ್ಮ. ತಪ್ಪು ಚಾಕುವಿಂದು!"

ಅಮ್ಮ ಚಾಕು ನೋಡಿದಳು, ಮಗಳನ್ನು ನೋಡಿದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದು ಒಲೆಯ ಕಡೆ ತಿರುಗಿದಳು.

"ನೆಲ ಡೊಂಕಿದ್ರೆ?" ಅಂತ ಎಡಚಿ ಕೇಳಿದಳು. ಅಮ್ಮ ಒಲೆಯ ಮೇಲಿನ ಸಾರು ಕಲಕಿದಳು.

ಮಾರನೆಯ ದಿನ ಎಡಚಿ ಚೀಲದಲ್ಲಿ ನಾಲ್ಕೈದು ಕಡ್ಡಿ ಹಾಕಿಕೊಂಡು, ಸಣ್ಣವು ದಪ್ಪವು ಎರಡೂ, ತೋಟದ ಸಾಮಾನಿನ ಅಂಗಡಿಗೆ ಹೋದಳು. ಆ ಅಂಗಡಿಯವನನ್ನು ಊರೆಲ್ಲ ಗ್ಯಾರಂಟಿ ಅಣ್ಣ ಅಂತ ಕರೆಯುತ್ತಿದ್ದರು, ಯಾಕೆಂದರೆ ಒಂದು ಮೊಳೆ ಕೊಂಡರೂ ಅವನು ಬಾಯಿಮಾತಿನ ಗ್ಯಾರಂಟಿ ಕೊಡುತ್ತಿದ್ದ. ಸಲಿಕೆ, ಗುದ್ದಲಿ, ಸುತ್ತಿಟ್ಟ ಪೈಪುಗಳ ನಡುವೆ ಅವನ ತಲೆ ಮಾತ್ರ ಕಾಣುತ್ತಿತ್ತು.

"ಕಸಿ ಸಾಮಾನು ಬೇಕು. ನನಗೆ, ಹೊಸದಾಗಿ ಕಲೀತಿದ್ದೀನಿ."

"ನೀವಾ? ನರ್ಸರಿಯವರಿಗೆ ಹೊಸದಾ?" ಅಂತ ಅವನು ನಕ್ಕು, ಮೇಲಿನ ಹಲಗೆಯಿಂದ ಬಣ್ಣದ ಪೆಟ್ಟಿಗೆಯೊಂದನ್ನು ಇಳಿಸಿದ. "ಹೊಸಬರಿಗೆ ಇದೇ. ಸೆಟ್ಟು. ಎಲ್ಲಾ ಇದರಲ್ಲೇ ಇದೆ, ತಲೆನೋವಿಲ್ಲ."

ಪೆಟ್ಟಿಗೆಯೊಳಗೆ ಇಕ್ಕಳದಂಥ ಒಂದು ಯಂತ್ರವಿತ್ತು. ಕಡ್ಡಿಯನ್ನು ಬಾಯಿಗೆ ಕೊಟ್ಟು ಹಿಡಿ ಅಮುಕಿದರೆ ಅದು ತಾನೇ ಬೆಣೆ ಕತ್ತರಿಸುತ್ತದಂತೆ, ಸಸಿಯಲ್ಲೂ ಅದಕ್ಕೆ ಸರಿಯಾದ ಕಚ್ಚು ಕತ್ತರಿಸುತ್ತದಂತೆ. "ಟಕ್ ಅಂದ್ರೆ ಕಡ್ಡಿ, ಟಕ್ ಅಂದ್ರೆ ಸಸಿ, ಎರಡನ್ನೂ ಸೇರಿಸಿ ಮನೆಗೆ ಹೋಗಿ. ಗ್ಯಾರಂಟಿ."

ಒಂದು ಕ್ಷಣ ಎಡಚಿಗೆ ಆಸೆಯಾಯಿತು. ಯಂತ್ರಕ್ಕೆ ಎಡವಿಲ್ಲ ಬಲವಿಲ್ಲ. ಚೀಲದಿಂದ ಸಣ್ಣ ಕಡ್ಡಿ ತೆಗೆದು ಕೊಟ್ಟಳು. ಟಕ್ ಅಂತು, ಕಡ್ಡಿ ಬಾಯಲ್ಲಿ ಜಾರಿ ಒಂದು ಕಡೆ ತೊಗಟೆ ಸುಲಿದುಹೋಯಿತು. ದಪ್ಪದ್ದು ಕೊಟ್ಟಳು, ಟಕ್ ಅನ್ನಲೇ ಇಲ್ಲ, ಕಡ್ಡಿ ಜಜ್ಜಿಹೋಯಿತು. ಯಂತ್ರಕ್ಕೆ ಸರಿಹೋಗುವ ದಪ್ಪದಲ್ಲೇ ಮರಗಳು ಕಡ್ಡಿ ಬಿಡುವುದಾದರೆ ಸರಿ, ಇಲ್ಲದಿದ್ದರೆ ಇದು ಆಟದ ಸಾಮಾನು. ಅದೂ ಅಲ್ಲದೆ ಇದರಲ್ಲಿ ಕಟ್ಟಿದ್ದು ಚಿಗುರಿದರೆ ಅಪ್ಪ ಯಂತ್ರದ ಕೈಗುಣ ಅನ್ನುತ್ತಾರೆ.

"ಬೇಡ. ಚಾಕು ತೋರಿಸಿ."

ಅವನು ಚಾಕುಗಳನ್ನು ಸುರಿದ. ಬಾಗಿದ ಅಲಗಿನವನ್ನು ಅವಳು ಪಕ್ಕಕ್ಕೆ ಸರಿಸಿದಳು. ಅವು ರೆಂಬೆ ಕಡಿಯುವುದಕ್ಕೆ, ಬಾಗಿದ ಅಲಗಿನಲ್ಲಿ ನೇರ ಮೈ ಬರುವುದಿಲ್ಲ. ಬೆನ್ನಿಗೆ ಕೊಂಬಿನಂಥ ಮೊನೆ ಇರುವವನ್ನೂ ಸರಿಸಿದಳು. ಅದು ತೊಗಟೆ ಎಬ್ಬಿಸಿ ಮೊಗ್ಗು ಕೂರಿಸುವವರಿಗೆ, ಹೊಸಬಳಿಗೆ ಸದ್ಯಕ್ಕೆ ಆ ವೈಭವ ಬೇಡ. ಉಳಿದದ್ದು ನೇರ ಅಲಗಿನವು. ಒಂದೊಂದನ್ನೇ ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಎಲ್ಲವೂ ಒಂದೇ ಮಗ್ಗುಲು, ಅಪ್ಪನ ಮಗ್ಗುಲು.

"ಇದರಲ್ಲಿ ಇನ್ನೊಂದು ಮಗ್ಗುಲು ಸಾಣೆ ಹಿಡಿದದ್ದು ಇದೆಯಾ?"

"ಅಂದ್ರೆ?"

"ಎಡಗೈಗೆ."

ಗ್ಯಾರಂಟಿ ಅಣ್ಣ ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳಿಗೂ ಕೇಳಿಸಲಿ ಅಂತ ದನಿ ಎತ್ತಿದ. "ಅಕ್ಕಾ, ಚಾಕೂಗೆ ಎಡ ಬಲ ಅಂತ ಇರುತ್ತಾ? ಇದೇನು ಚಪ್ಪಲಿನಾ?"

"ಹೌದು, ಚಪ್ಪಲಿನೇ. ಎಡಗಾಲಿಗೆ ಬಲಗಾಲಿಂದು ಹಾಕ್ಕೊಂಡು ನೀವು ಒಂದು ಸಲ ಮನೆ ತನಕ ನಡೀರಿ. ಆಮೇಲೆ ಮಾತಾಡೋಣ."

ಗಿರಾಕಿಗಳು ನಕ್ಕರು. ಯಾರನ್ನು ನೋಡಿ ನಕ್ಕರು ಅನ್ನುವುದು ಗೊತ್ತಾಗದೆ ಗ್ಯಾರಂಟಿ ಅಣ್ಣನ ಮುಖ ಸಣ್ಣಗಾಯಿತು. "ನನ್ನ ಅಂಗಡೀಲಿ ಇವತ್ತಿನ ತನಕ ಯಾರೂ ಹೀಗೆ ಕೇಳಿಲ್ಲ" ಅಂದ.

"ಕೇಳೋರೆಲ್ಲ ಕೈಗುಣ ಇಲ್ಲ ಅಂದ್ಕೊಂಡು ಮನೇಲಿ ಕೂತಿರಬೇಕು."

ಅವಳು ಹೋಗುವ ಲಕ್ಷಣ ಕಾಣಲಿಲ್ಲ. ಕೊನೆಗೆ ಅವನು ಮೇಜಿನ ಕೆಳಗಿನ ಹಳೆಯ ಡಬ್ಬದಲ್ಲಿ ಕೈಯಾಡಿಸಿ ಒಂದು ಮಡಚುವ ಚಾಕು ಎತ್ತಿದ. ಒಳ್ಳೆಯ ಉಕ್ಕು, ಮರದ ಹಿಡಿ, ಆದರೆ ಕಾರ್ಖಾನೆಯಲ್ಲಿ ಸಾಣೆ ಹಿಡಿಯುವುದನ್ನೇ ಮರೆತಿದ್ದರು. ಎರಡೂ ಮಗ್ಗುಲು ಚಪ್ಪಟೆ, ಅಲಗು ಕಡ್ಡಿಯಷ್ಟೇ ಮೊಂಡು.

"ಯಾರೋ ವಾಪಸ್ ಕೊಟ್ಟು ಹೋಗಿದ್ದು. ಬೆಣ್ಣೆನೂ ಕೊಯ್ಯಲ್ಲ. ಇದಕ್ಕೆ ಮಾತ್ರ ನಾನು ಗ್ಯಾರಂಟಿ ಕೊಡಲ್ಲ."

"ಇದೇ ಕೊಡಿ" ಅಂದಳು ಎಡಚಿ.

ಅದರ ಜೊತೆಗೆ ಒಂದು ಕಡೆ ತರಿ, ಒಂದು ಕಡೆ ನುಣುಪಾಗಿದ್ದ ಸಾಣೆಕಲ್ಲು ತೆಗೆದುಕೊಂಡಳು. ಕಡ್ಡಿ ಕೊಯ್ಯುವುದಕ್ಕೆ ಕತ್ತರಿ ಬೇಕಿತ್ತು. ಅವನು ತೋರಿಸಿದ್ದು ಅಲಗು ಹೋಗಿ ಕೆಳಗಿನ ಚಪ್ಪಟೆ ದವಡೆಗೆ ಬಡಿಯುವಂಥದ್ದು. ಒಣ ಕೊಂಬೆಗೆ ಅದು ಸರಿ, ಹಸಿ ಕಡ್ಡಿಯನ್ನು ಜಜ್ಜುತ್ತದೆ. ಎರಡು ಅಲಗು ಒಂದನ್ನೊಂದು ಸವರಿ ಹೋಗುವ ಸಣ್ಣ ಕತ್ತರಿ ಆರಿಸಿದಳು. ಅದೂ ಬಲಗೈಯದೇ, ಆದರೆ ಕತ್ತರಿಯನ್ನು ತಿರುಗಿಸಿ ಹಿಡಿದರೆ ಅವಳಿಗೆ ಸಾಗುತ್ತಿತ್ತು, ಅಷ್ಟು ಹೊಂದಾಣಿಕೆ ಅವಳು ಜೀವನದಲ್ಲಿ ಎಷ್ಟೋ ಮಾಡಿಕೊಂಡಿದ್ದಳು. ಮೇಣ ಬೇಡ, ಗರಗಸ ಬೇಡ, ಪಟ್ಟಿ ನರ್ಸರಿಯಲ್ಲೇ ರಾಶಿ ಬಿದ್ದಿದೆ. ಚಾಕುವಿನಲ್ಲಿ ಮಾತ್ರ ಹೊಂದಾಣಿಕೆ ಇಲ್ಲ ಅಂತ ನಿರ್ಧರಿಸಿಯೇ ಅವಳು ಮನೆಯಿಂದ ಹೊರಟಿದ್ದಳು.

ಸಾಣೆ ಹಿಡಿಯಲು ಕೂತವಳು ಮೊದಲ ದಿನವೇ ಎಡವಟ್ಟು ಮಾಡಿಕೊಂಡಳು. ಇಳಿಜಾರು ಎಷ್ಟಿರಬೇಕು ಅಂತ ನೋಡಿಕೊಳ್ಳಲು ಅಪ್ಪನ ಚಾಕುವನ್ನು ಪಕ್ಕದಲ್ಲಿಟ್ಟುಕೊಂಡಿದ್ದಳು. ಅದನ್ನು ನೋಡಿ ನೋಡಿ ಉಜ್ಜುತ್ತ, ತೋಳು ಸೋತ ಮೇಲೆ ಗಮನಿಸಿದರೆ, ಉಜ್ಜಿದ್ದು ಅಪ್ಪನ ಮಗ್ಗುಲನ್ನೇ! ಜನ್ಮದ ಅಭ್ಯಾಸ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ತನ್ನನ್ನು ತಾನೇ ಜೋರಾಗಿ ಬೈದುಕೊಂಡಳು. ಉಕ್ಕು ದಪ್ಪವಿದ್ದದ್ದು ಪುಣ್ಯ. ಆ ಮಗ್ಗುಲನ್ನು ಮತ್ತೆ ಚಪ್ಪಟೆ ಮಾಡಿ, ಅಪ್ಪನ ಚಾಕುವನ್ನು ಒಳಗಿಟ್ಟು ಬೀಗ ಹಾಕಿ, ಇನ್ನೊಂದು ಮಗ್ಗುಲು ಶುರು ಮಾಡಿದಳು. ಮುಂಗೈ ಕೂದಲು ಸದ್ದಿಲ್ಲದೆ ಬೋಳಿಸುವಷ್ಟು ಹರಿತವಾಗುವವರೆಗೆ ಬಿಡಲಿಲ್ಲ.

ಆಮೇಲೆ ಬೇಲಿಯಿಂದ ಕತ್ತರಿಸಿದ ಯಾವ್ಯಾವುದೋ ಕಡ್ಡಿಗಳ ಮೇಲೆ ಅಭ್ಯಾಸ. ಒಂದೇ ಎಳೆತದಲ್ಲಿ ಕೆತ್ತುವುದು, ಎರಡು ಮೈಗಳನ್ನು ಒತ್ತಿ ಹಿಡಿದು ಆಕಾಶಕ್ಕೆ ತೋರಿಸುವುದು, ನಡುವೆ ಬೆಳಕು ತೂರಿದರೆ ಎಸೆಯುವುದು. ಕೌಂಟರಿನ ಕೆಳಗೆ ಕೆತ್ತಿದ ಚೂರುಗಳ ಗುಡ್ಡ ಬೆಳೆಯಿತು. ಬೆಳಕು ತೂರುವುದು ನಿಂತ ಮೇಲೆ ಗೋಡೆಯ ಮರೆಯ ಸಸಿಗಳಿಗೆ ಕೈ ಹಾಕಿದಳು. ಕೆಲವು ಸತ್ತವು, ಅವಳು ಬಿಚ್ಚಿ ನೋಡಿದಳು, ಯಾಕೆ ಅಂತ ಗೊತ್ತಾಯಿತು. ಹೆಚ್ಚಿನವು ಹತ್ತಿಕೊಂಡವು. ತಾಮ್ರದ ಬಣ್ಣದ ಮೊದಲ ಎಲೆಗಳು ಬಿಚ್ಚಿಕೊಂಡ ದಿನ ಅವಳು ಗೋಡೆಗೆ ಒರಗಿ ಕೂತು ಚಿಕ್ಕ ಮಗುವಿನ ಹಾಗೆ ಅತ್ತಳು. ಸಂತೋಷಕ್ಕೆ ಅಂತ ಹೇಳಿದರೆ ಅರ್ಧ ಸುಳ್ಳು. ಇಷ್ಟು ವರ್ಷ ತನ್ನ ಕೈಯನ್ನು ತಾನೇ ನಂಬದೆ ಕೂತಿದ್ದೆನಲ್ಲ ಅನ್ನುವ ಸಿಟ್ಟು ಆ ಅಳುವಿನಲ್ಲಿತ್ತು.

ಗಿಡಗಳನ್ನು ಮೊದಲು ಕಂಡವರು ಅಪ್ಪ. ಅವರು ಸಾಲಿನ ಮುಂದೆ ನಿಂತು, ಬಗ್ಗಿ, ಬೆಸುಗೆಯ ಮೇಲೆ ಹೆಬ್ಬೆರಳಾಡಿಸಿ, ಮುಖವರಳಿಸಿ ಅಳಿಯನನ್ನು ಕೂಗಿದರು.

"ನೋಡಿ ಅಳಿಯಂದ್ರೇ, ಕೈಗುಣ ಅಂದ್ರೆ ಇದು! ಹೇಳ್ದೆ ಕೇಳ್ದೆ ಹಿಂದುಗಡೆ ಅಭ್ಯಾಸ ಮಾಡಿದ್ದೀರಲ್ಲ."

ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಂತಾದ ಅಳಿಯ ಎಡಚಿಯ ಕಡೆ ನೋಡಿದ. ಆದರೆ ಅವನು ಸುಳ್ಳು ಹೇಳುವವನಲ್ಲ.

"ಮಾವ, ನಾನು ಈ ಕಡೆ ಬಂದೇ ಇಲ್ಲ. ಇದು ಅಕ್ಕ ಕಟ್ಟಿದ್ದು."

ಅಪ್ಪನ ಹೆಬ್ಬೆರಳು ಬೆಸುಗೆಯ ಮೇಲೇ ನಿಂತಿತು. "ಈ ಸಲ ಹವಾ ಚೆನ್ನಾಗಿತ್ತು" ಅಂದರು. "ಯಾರು ಕಟ್ಟಿದ್ರೂ ಹತ್ಕೊಳ್ತಿತ್ತು."

"ಈ ಸಲ ನೀವು ಹೇಳಿಕೊಟ್ಟು ಮಣೆ ಮೇಲೆ ನಾನು ಕಟ್ಟಿದ್ದು ಅರ್ಧಕ್ಕರ್ಧ ಹೋದ್ವಲ್ಲ ಮಾವ" ಅಂದ ಅಳಿಯ, ಪಾಪ, ಸಹಾಯ ಮಾಡಲು ಹೋಗಿ.

ಅಪ್ಪ ಮಗಳ ಕಡೆ ತಿರುಗಿದರು. "ಆಯ್ತಮ್ಮ. ಹಿಂದುಗಡೆ ಕೂತು ಕಟ್ಕೋ, ಬೇಡ ಅನ್ನಲ್ಲ. ಗಿರಾಕಿ ಎದುರಿಗೆ ಮಾತ್ರ ಬೇಡ. ಎಡಗೈಲಿ ಕಟ್ಟೋದು ಕಂಡ್ರೆ ಜನ ಕಡ್ಡಿ ವಾಪಸ್ ತಗೊಂಡು ಹೋಗ್ತಾರೆ."

"ಹಿಂದುಗಡೆ ಕಟ್ಟಲ್ಲ" ಅಂದಳು ಎಡಚಿ. "ಕಟ್ಟಿದ್ರೆ ಮಣೆ ಮೇಲೆ, ಬಾಗಿಲಲ್ಲಿ. ಇಲ್ಲಾಂದ್ರೆ ಇಲ್ಲ."

ಆ ದಿನದಿಂದ ಅವಳು ಗಿರಾಕಿಗಳಿಗೆ ಚಿಲ್ಲರೆಯನ್ನೂ ಎಡಗೈಯಲ್ಲೇ ಕೊಡತೊಡಗಿದಳು. ಕೆಲವರು ಹುಬ್ಬೇರಿಸಿದರು. ಒಬ್ಬಾಕೆ ಚಿಲ್ಲರೆಯನ್ನು ಮೇಜಿನ ಮೇಲೆ ಇಡಿಸಿಕೊಂಡು ಅಲ್ಲಿಂದ ಎತ್ತಿಕೊಂಡಳು. ಅಪ್ಪ ಸ್ಟೂಲಿನಿಂದ ಎಲ್ಲವನ್ನೂ ನೋಡುತ್ತ ಹಲ್ಲು ಕಚ್ಚಿಕೊಂಡಿದ್ದರು. ಊಟದ ಹೊತ್ತಿಗೆ ಇಬ್ಬರೂ ಅಮ್ಮನ ಮೂಲಕ ಮಾತಾಡುತ್ತಿದ್ದರು. "ಉಪ್ಪು ಬೇಕಂತೆ ಕೊಡು" ಅನ್ನುವಷ್ಟಕ್ಕೂ ಅಮ್ಮ ಬೇಕಾಯಿತು, ಆಕೆ ಬೇಸತ್ತು ಉಪ್ಪಿನ ಡಬ್ಬವನ್ನೇ ನಡುವೆ ತಂದಿಟ್ಟಳು.

ಹೀಗೆ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಗಡಿಯಾರ ರಿಪೇರಿಯವರು ಬಂದರು. ಹಳೆಯ ಗಿರಾಕಿ, ಸಣಕಲು ಮನುಷ್ಯ, ಭೂತಗನ್ನಡಿಯನ್ನು ಹಣೆಯ ಮೇಲಿಂದ ತೆಗೆಯುವುದನ್ನೂ ಮರೆತು ಬಂದಿದ್ದರು. ಕೈಯಲ್ಲಿ ಒದ್ದೆ ಟವಲು, ಟವಲಿನಲ್ಲಿ ಮಾವಿನ ಕಡ್ಡಿಗಳು. ರಸ್ತೆ ಅಗಲ ಮಾಡುವವರು ಬೆಳಿಗ್ಗೆ ಅವರ ಮನೆ ಮುಂದಿನ ಮರ ಉರುಳಿಸಿದ್ದರು. ಬಿದ್ದ ಮರದ ತುದಿಯಿಂದ ಕೈಗೆ ಸಿಕ್ಕಷ್ಟು ಮುರಿದು ತಂದಿದ್ದರು.

"ಇಷ್ಟೇ ಉಳಿದಿರೋದು. ಮರ ಆಗಲೇ ಲಾರಿ ಹತ್ತಿ ಹೋಯ್ತು" ಅಂದರು. "ಆ ಹಣ್ಣು ಉಳಿಸ್ಕೊಂಡು ಬನ್ನಿ, ಇಲ್ಲಾಂದ್ರೆ ನೀವೂ ಬರಬೇಡಿ ಅಂದಿದ್ದಾಳೆ ನನ್ನ ಹೆಂಡತಿ. ನೀವೇ ಕಟ್ಟಬೇಕು."

ಅಪ್ಪ ತಮ್ಮ ಬಲಗೈಯನ್ನು ಮಣೆಯ ಮೇಲಿಟ್ಟು ತೋರಿಸಿದರು. ಅದು ತನ್ನ ಪಾಡಿಗೆ ನಡುಗುತ್ತಿತ್ತು. ಅಳಿಯ ವ್ಯಾನು ತೆಗೆದುಕೊಂಡು ದೂರ ಹೋಗಿದ್ದ, ಬರುವುದು ಸಂಜೆಗೆ. ಮುರಿದ ಕಡ್ಡಿಗಳು ಆಗಲೇ ಬಾಡುತ್ತಿದ್ದವು.

ಎಡಚಿ ಕೌಂಟರು ಬಿಟ್ಟು ಬಂದು ಮಣೆಯ ಪಕ್ಕ ನಿಂತಳು. ಜೇಬಿನಿಂದ ಚಾಕು ತೆಗೆದು, ಬಿಚ್ಚಿ, ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಅಲಗು ಒರೆಸಿದಳು. ಅಪ್ಪ ತಗ್ಗಿದ ದನಿಯಲ್ಲಿ, ಎಷ್ಟೋ ದಿನದ ಮೇಲೆ ಅಮ್ಮನಿಲ್ಲದೆ, ಅವಳಿಗೆ ನೇರವಾಗಿ ಹೇಳಿದರು.

"ನೀನೇ ಕಟ್ಟು. ಬಲಗೈಲಿ ಹಿಡಿ."

"ಹಿಡಿಯಲ್ಲ."

"ಇದೊಂದು ಸಲ. ಅವರು ನೋಡ್ತಿದ್ದಾರೆ."

"ನೋಡಲಿ. ಬಲಗೈಲಿ ಹಿಡಿದ್ರೆ ಅವರ ಮರ ಸಾಯುತ್ತೆ, ಎಡಗೈಲಿ ಹಿಡಿದ್ರೆ ನಿಮ್ಮ ಮಾನ ಹೋಗುತ್ತೆ. ಯಾವುದು ಬೇಕು ಹೇಳಿ."

ಅವಳು ದನಿ ತಗ್ಗಿಸಿರಲಿಲ್ಲ. ಗಡಿಯಾರದವರು ಟವಲನ್ನು ಎದೆಗೆ ಒತ್ತಿಕೊಂಡರು. "ಎಡಗೈಲಾ? ಬೇಡಮ್ಮ, ಇರೋದೇ ಇಷ್ಟು. ಬೇರೆ ಎಲ್ಲಾದ್ರೂ ಕೇಳ್ತೀನಿ."

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಕೊಡು ಇಲ್ಲಿ" ಅಂತ ಮಗಳ ಕೈಯಿಂದ ಚಾಕು ಕಿತ್ತುಕೊಂಡರು. ಗಡಿಯಾರದವರಿಂದ ಒಂದು ಕಡ್ಡಿ ಈಸಿಕೊಂಡು, ಮೊಣಕೈಯನ್ನು ಪಕ್ಕೆಗೆ ಒತ್ತಿ, ಮಣಿಕಟ್ಟನ್ನು ಮಣೆಯ ಅಂಚಿಗೆ ಊರಿ, ಉಸಿರು ಹಿಡಿದರು. ನಡುಕ ನಿಂತಿತು. ಅಷ್ಟು ಮಟ್ಟಿಗೆ ಅವರು ಈಗಲೂ ಯಜಮಾನರೇ. ಚಾಕುವನ್ನು ಒಂದೇ ಎಳೆತಕ್ಕೆ ಎಳೆದರು.

ಕಡ್ಡಿಯ ಮೈ ತಗ್ಗಾಯಿತು.

ಅವರು ಅದನ್ನು ನೋಡಿದರು. ಅದೇ ಕಡ್ಡಿಯನ್ನು ಮೇಲೆ ಹಿಡಿದು ಮತ್ತೆ ಎಳೆದರು, ಮತ್ತೆ ತಗ್ಗು. ಇನ್ನೊಂದು ಕಡ್ಡಿ ತೆಗೆದುಕೊಂಡರು. ಗಡಿಯಾರದವರು ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿ ಬಗ್ಗಿ ನೋಡುತ್ತಿದ್ದರು. ಎರಡನೆಯ ಕಡ್ಡಿಯಲ್ಲೂ ಅಲಗು ಒಳಗೆ ನುಗ್ಗಿತು, ಎದ್ದಿತು, ನುಣ್ಣನೆಯ ಚಮಚ ಕೆತ್ತಿತು. ನಡುಗುವ ಕೈ ಹಲ್ಲು ಹಲ್ಲಾಗಿ ಕೆತ್ತುತ್ತದೆ, ಹೀಗೆ ನುಣ್ಣಗೆ ತಗ್ಗು ಮಾಡುವುದಿಲ್ಲ. ಅದು ಅಪ್ಪನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಅವರು ಚಾಕುವನ್ನು ತಿರುಗಿಸಿ ಒಂದು ಮಗ್ಗುಲ ಮೇಲೆ ಉಗುರು ಎಳೆದರು, ಇನ್ನೊಂದು ಮಗ್ಗುಲ ಮೇಲೆ ಎಳೆದರು.

"ಇದನ್ನ ಯಾವ ಕಡೆ ಸಾಣೆ ಹಿಡಿದಿದ್ದೀಯ?"

"ನನ್ನ ಕಡೆ."

ರಸ್ತೆಯಲ್ಲಿ ಬಸ್ಸೊಂದು ತಿರುವಿನಲ್ಲಿ ಹಾರ್ನ್ ಮಾಡಿ ಹೋಯಿತು. ಅಪ್ಪ ಮಗಳ ಮುಖ ನೋಡಲಿಲ್ಲ, ಚಾಕುವನ್ನೇ ನೋಡುತ್ತ ಕೇಳಿದರು.

"ಅವತ್ತು ನಿನಗೆ ಕೊಟ್ಟಿದ್ದು?"

"ನಿಮ್ಮ ಕಡೆದು."

"ಹೇಳಬಾರದಿತ್ತಾ?"

"ನನಗೇ ಗೊತ್ತಿರಲಿಲ್ಲವಲ್ಲ ಅಪ್ಪ. ನನಗೆ ಗೊತ್ತಿದ್ದಿದ್ದು ನೀವು ಹೇಳಿದ್ದು. ಕೈಗುಣ ಇಲ್ಲ ಅಂದ್ರಿ, ನಂಬಿದೆ. ಇಷ್ಟು ವರ್ಷ ನಂಬಿದೆ."

ಅಪ್ಪನ ಸ್ವಂತ ಚಾಕುಗಳು ಹಿಂದಿನ ಕಂಬಕ್ಕೆ ತೂಗುಹಾಕಿದ ಚರ್ಮದ ಚೀಲದಲ್ಲಿದ್ದವು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರ ಕಣ್ಣು ಆ ಕಡೆ ಹೋದದ್ದನ್ನು ಎಡಚಿ ಕಂಡಳು. ಆ ಚಾಕು ತೆಗೆದುಕೊಂಡು, ಹೀಗೆಯೇ ಉಸಿರು ಹಿಡಿದು, ಇನ್ನೊಂದೆರಡು ಕಡ್ಡಿ ಅವರು ನೆಟ್ಟಗೆ ಕೆತ್ತಿಬಿಡಬಹುದಿತ್ತು. ಕೇಳಬಾರದು, ಬೇಡಬಾರದು ಅಂತ ಅವಳು ತುಟಿ ಬಿಗಿದು ನಿಂತಳು.

ಅಪ್ಪ ಸ್ಟೂಲಿನಿಂದ ಎದ್ದರು. ಚಾಕುವನ್ನು ಮಣೆಯ ಮೇಲೆ, ಹಿಡಿ ಅವಳ ಕಡೆ ಬರುವಂತೆ, ಇಟ್ಟರು. ಗಡಿಯಾರದವರಿಗೆ ಹೇಳಿದರು, "ನಿಮ್ಮ ಎರಡು ಕಡ್ಡಿ ಹಾಳು ಮಾಡಿದ್ದು ಈ ಬಲಗೈ. ಮಿಕ್ಕಿದ್ದು ಇವಳಿಗೆ ಕೊಡೋದಾದ್ರೆ ಕೊಡಿ, ಇಲ್ಲಾಂದ್ರೆ ತಗೊಂಡು ಹೋಗಿ. ನನ್ನ ನರ್ಸರೀಲಿ ಇನ್ನು ಕಸಿ ಕಟ್ಟೋದು ಇವಳೇ."

ಗಡಿಯಾರದವರು ಅಪ್ಪನನ್ನು ನೋಡಿದರು, ಟವಲನ್ನು ನೋಡಿದರು. "ನನಗೆ ನಂಬಿಕೆ ಬರ್ತಿಲ್ಲಮ್ಮ" ಅಂದರು ಎಡಚಿಗೆ, ಇದ್ದದ್ದು ಇದ್ದ ಹಾಗೆ.

"ನಂಬಿಕೆ ನಿಧಾನಕ್ಕೆ ಬರಲಿ. ಈಗ ಕಡ್ಡಿ ಕೊಡಿ, ಬಾಡ್ತಿದೆ."

ಅವರು ಕೊಟ್ಟರು. ಎಡಚಿ ಸ್ಟೂಲಿನ ಮೇಲೆ ಕೂತಳು, ರಸ್ತೆಗೆ ಮುಖ ಮಾಡಿ, ಹೋಗುವವರಿಗೆಲ್ಲ ಕಾಣುವ ಹಾಗೆ. ಎಡಗೈಯಲ್ಲಿ ಚಾಕು ಹಿಡಿದು ಒಂದು ಎಳೆತ, ಕಡ್ಡಿ ತಿರುಗಿಸಿ ಇನ್ನೊಂದು ಎಳೆತ. ಗಡಿಯಾರದವರು ಬೆಣೆಯನ್ನು ಬೆಳಕಿಗೆ ಎತ್ತಿ ಭೂತಗನ್ನಡಿಯಲ್ಲಿ ಆ ಕಡೆ ಈ ಕಡೆ ನೋಡಿ, ವಾಪಸ್ ಕೊಟ್ಟು, ಟವಲನ್ನು ಪೂರ್ತಿ ಬಿಚ್ಚಿ ಮಣೆಯ ಮೇಲೆ ಹರಡಿದರು.

ಅವಳು ಸಸಿಯ ಚೀಲವನ್ನು ಮುಂದಕ್ಕೆಳೆದು ತಲೆ ಹಾರಿಸಿದಳು. ಕಾಂಡ ಸೀಳಲು ಚಾಕು ಇಟ್ಟಾಗ ಸಸಿ ಅಲುಗದಿರಲಿ ಅಂತ ಅಪ್ಪ ಬಗ್ಗಿ ಚೀಲವನ್ನು ಹಿಡಿದುಕೊಂಡರು. ಹಿಡಿದ ಕೈಯ ನಡುಕ ಚೀಲಕ್ಕೆ, ಚೀಲದಿಂದ ಕಾಂಡಕ್ಕೆ ಏರಿತು. ಎಡಚಿ ಒಂದು ಗಳಿಗೆ ಕಾದಳು. ಅವಳಿಗೆ ಅಪ್ಪನ ಮೇಲೆ ಅಯ್ಯೋ ಅನ್ನಿಸಿತು, ಅನ್ನಿಸಿದ್ದು ನಿಜ. ಆದರೆ ಸೀಳು ನೇರ ಬರಬೇಕಿತ್ತು.

"ಅಪ್ಪ, ಕೈ ತೆಗೀರಿ. ಸಸಿ ಅಲ್ಲಾಡ್ತಿದೆ."

ಅಪ್ಪ ಕೈ ತೆಗೆದರು. ಕೌಂಟರಿನಲ್ಲಿ ಯಾರೋ ಬಂದು ಕಾಯುತ್ತಿದ್ದರು. ಅಪ್ಪನೇ ಆ ಕಡೆ ಹೋದರು.